ಬೆಸುಗೆ ಓಡೋದು ಬಿಸಿಯ ಹಿಂದೆ

ಸೈಕಲ್ ಫ್ರೇಮ್ ಕಟ್ಟೋದು ಅಂದರೆ ಎಲ್ಲರಿಗೂ ಟಾರ್ಚ್ ನೆನಪಾಗುತ್ತೆ. ನಿಜವಾದ ದುಡಿಮೆ ಅರದ್ದು, ಆದರೆ ಬಣ್ಣ ಬಳಿದ ಮೇಲೆ ಅದು ಯಾರಿಗೂ ಕಾಣಲ್ಲ.

ಟ್ಯೂಬಿನ ತುದಿಯನ್ನು ಎದುರಿನ ಟ್ಯೂಬಿನ ದುಂಡಿಗೆ ಬೆಳಕು ತೂರದಷ್ಟು ಉಜ್ಜಿ ಕೂರಿಸಬೇಕು. ಲಗ್ (ಟ್ಯೂಬುಗಳು ಕೂಡೋ ಕಡೆ ತೊಡಿಸೋ ಲೋಹದ ತೋಳು) ಒಳಗಿನ ಸಂದು 0.1 ಮಿ.ಮೀ. ಆಸುಪಾಸು ಇದ್ದರೆ, ಶೇ. 56 ಬೆಳ್ಳಿಯ ಬೆಸುಗೆ ಕಡ್ಡಿ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ತಾನಾಗೇ ಒಳಗೆ ಹರಿಯುತ್ತೆ. ಸಂದು ದೊಡ್ಡದಾದರೆ ಬಾಗಿಲಲ್ಲೇ ಮುಷ್ಕರ! ಜ್ವಾಲೆ ಕಡ್ಡಿಗಲ್ಲ, ಲಗ್ಗಿಗೆ ಹಿಡಿಯಿರಿ. ಫ್ಲಕ್ಸ್ (ಬಿಸಿಗೆ ಲೋಹದ ಮೈ ಕೆಡದಂತೆ ಕಾಯೋ ಲೇಪ) ಗಾಜಿನಂತೆ ತಿಳಿಯಾದಾಗ ಕಡ್ಡಿ ಮುಟ್ಟಿಸಿ. ಕಪ್ಪಾಯಿತೋ, ಬಿಸಿ ಮಿತಿಮೀರಿ ಅದು ಸತ್ತಿದೆ. ತಣಿಸಿ, ಬಿಸಿನೀರಲ್ಲಿ ತೊಳೆದು ಮತ್ತೆ ಶುರು.

ಸೀಟ್ ಟ್ಯೂಬ್ ಶಾಖಕ್ಕೆ ಸ್ವಲ್ಪ ಸೊಟ್ಟಗಾಗುತ್ತೆ. ಸೀಟು ಹೊರೋ 27.2 ಮಿ.ಮೀ. ಪೋಸ್ಟ್ ಅದರೊಳಗೆ ಇಳಿಯಬೇಕಾದರೆ ರೀಮರ್ (ತೂತಿನ ಒಳಮೈ ಕೆರೆದು ದುಂಡಾಗಿಸೋ ಉಪಕರಣ) ಹಾಕಲೇಬೇಕು.