ನಮಗಿಲ್ಲದ ಗೋಡೌನ್

ನಮ್ಮ ಅಂಗಡಿಗೆ ಗೋಡೌನ್ ಇಲ್ಲ. ಆದರೂ ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಹತ್ತು ಸಲವಾದರೂ ‘ಗೋಡೌನ್‌ನಲ್ಲಿದೆ ಅಮ್ಮಾ, ಎರಡು ನಿಮಿಷ ಕೂತ್ಕೊಳ್ಳಿ’ ಅನ್ನುತ್ತಲೇ ಬಂದಿದ್ದೇನೆ. ಅಂದ ಮರುಕ್ಷಣ ಹುಡುಗ ಓಡುತ್ತಾನೆ. ಅವನ ಬೆರಳಿಗೆ ಸುತ್ತಿರುವುದು ಗಿರಾಕಿಯ ಸೆರಗಿನ ತುದಿಯಿಂದ ಎಳೆದುಕೊಂಡ ಒಂದೆಳೆ ನೂಲು. ಎರಡು ನಿಮಿಷ ಅಂದದ್ದು ಐದಾಗಬಹುದು, ಆದರೆ ಬರುವಾಗ ಅದೇ ಬಣ್ಣದ ಬಟ್ಟೆಯ ಥಾನು ಹೆಗಲ ಮೇಲಿರುತ್ತದೆ. ಅದು ಪಕ್ಕದ ಶೆಟ್ಟರ ಅಂಗಡಿಯದೋ ಎದುರಿನ ಭಾಯಿಯದೋ ಅಂತ ಗಿರಾಕಿಗೆ ಗೊತ್ತಾಗುವುದಿಲ್ಲ. ಗೊತ್ತಾದವರೂ ಬೇಸರ ಮಾಡಿಕೊಂಡದ್ದಿಲ್ಲ. ಅವರಿಗೆ ಬೇಕಾದದ್ದು ಬಣ್ಣ.

ಬೆಂಗಳೂರಿನ ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ, ಸೀರೆಯ ಬಣ್ಣಕ್ಕೆ ಹೊಂದುವ ಬಟ್ಟೆ ಮಾರುವ ಮ್ಯಾಚಿಂಗ್ ಸೆಂಟರ್‌ನಲ್ಲಿ ಕೌಂಟರ್ ನೋಡಿಕೊಳ್ಳುವವನು ನಾನು. ಬ್ಲೌಸ್ ಪೀಸು, ಲೈನಿಂಗು, ಫಾಲ್ಸು, ಲಂಗದ ಬಟ್ಟೆ, ಇಷ್ಟೇ ವ್ಯಾಪಾರ. ಈ ಗೋಡೌನ್ ಸುಳ್ಳನ್ನು ನಾನು ಕೌಂಟರಿನ ಒಂದು ಚಾಲಾಕಿ ಅಂತಷ್ಟೇ ತಿಳಿದಿದ್ದೆ. ಅಂಗಡಿ ನಿಂತಿರುವುದೇ ಅದರ ಮೇಲೆ ಅಂತ ಗೊತ್ತಾದದ್ದು 2020ರ ದಸರಾ ಹೊತ್ತಿಗೆ, ಅದೂ ನಾನೇ ಮಾಡಿದ ಎಡವಟ್ಟಿನಿಂದ.

ಮೊದಲು ನಮ್ಮ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಹೊರಗಿನವರಿಗೆ ಹಸಿರು ಅಂದರೆ ಹಸಿರು. ನಮಗೆ ಗಿಳಿಹಸಿರು, ಪಾಚಿಹಸಿರು, ಮೆಹಂದಿ, ಬಾಟಲ್ ಗ್ರೀನ್, ರಾಮಾ ಗ್ರೀನ್, ಪಿಸ್ತಾ ಎಲ್ಲ ಬೇರೆ ಬೇರೆ. ಅದರಲ್ಲೂ ರಾಮಾ ಗ್ರೀನ್‌ನಲ್ಲಿ ನೀಲಿಗೆ ಎಳೆಯುವುದು ಒಂದು, ಹಸಿರಿಗೆ ಎಳೆಯುವುದು ಇನ್ನೊಂದು. ಟೂ ಬೈ ಟೂ ರೂಬಿಯಾ, ಅಂದರೆ ಹಾಸಿಗೂ ಹೊಕ್ಕಿಗೂ ಎರಡೆಳೆ ಹೊಸೆದ ನೂಲು ಹಾಕಿ ನೇಯ್ದ ಬಟ್ಟೆ, ಅದೊಂದರಲ್ಲೇ ಶೇಡ್ ಕಾರ್ಡ್ ಬಿಚ್ಚಿದರೆ ಕೌಂಟರಿನ ಈ ತುದಿಯಿಂದ ಆ ತುದಿ ಮುಟ್ಟುತ್ತದೆ. ಇಷ್ಟನ್ನೂ ಒಂದೇ ಅಂಗಡಿ ಇಟ್ಟುಕೊಳ್ಳುವುದು ಆಗದ ಮಾತು. ಯಾವ ಬಣ್ಣ ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು, ಥಾನು ಒಮ್ಮೆ ರ‍್ಯಾಕಿನಲ್ಲಿ ಕೂತರೆ ಮೂರು ವರ್ಷ ಕೂರಬಹುದು. ಹಾಗಾಗಿ ನಾವು ಕೆಂಪು, ಮೆರೂನು, ರಾಣಿ ಪಿಂಕು ಜಾಸ್ತಿ ಇಟ್ಟರೆ ಶೆಟ್ಟರು ಹಸಿರು ನೀಲಿ, ಭಾಯಿ ಟಿಶ್ಯೂ, ಬ್ರೊಕೇಡು, ಜರಿ ಬಟ್ಟೆ. ಯಾರೂ ಕೂತು ಮಾತಾಡಿಕೊಂಡ ಒಪ್ಪಂದ ಅಲ್ಲ ಅದು. ಪಕ್ಕದವನ ಹತ್ತಿರ ಸಿಗುವ ಬಣ್ಣಕ್ಕೆ ನಾನ್ಯಾಕೆ ದುಡ್ಡು ಹೂಡಲಿ ಅನ್ನುವ ಲೆಕ್ಕ, ಅಷ್ಟೇ. ಎತ್ತಿಕೊಂಡು ಬಂದ ಮಾಲಿಗೆ ಹೋಲ್‌ಸೇಲ್ ದರದ ಮೇಲೆ ಮೀಟರಿಗೆ ಎರಡು ರೂಪಾಯಿ, ಲೆಕ್ಕ ಕ್ಯಾಲೆಂಡರಿನ ಹಿಂದೆ, ಶನಿವಾರ ಸಂಜೆ ಚುಕ್ತಾ.

1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿಸಿದಾಗಿನಿಂದ ಇಲ್ಲಿನ ಬೀದಿಗಳಿಗೆ ಕಸುಬು, ಸರಕಿನ ಹೆಸರೇ: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಗಾಣಿಗರಪೇಟೆ. ‘ಒಂದೇ ಥರದ ಅಂಗಡಿಗಳು ಹೀಗೆ ಅಕ್ಕಪಕ್ಕ ಕೂತರೆ ಎಲ್ಲರಿಗೂ ನಷ್ಟ ಅಲ್ವಾ?’ ಅಂತ ಒಬ್ಬ ಎಂಬಿಎ ಹುಡುಗ ಬ್ಲೌಸ್ ಪೀಸ್ ಕೊಳ್ಳಲು ಬಂದ ಅಮ್ಮನಿಗೆ ಕಾಯುತ್ತಾ ನನ್ನನ್ನು ಕೇಳಿದ್ದ. ಆಗ ನನಗೆ ಉತ್ತರ ಹೊಳೆದಿರಲಿಲ್ಲ. ಮಾತಿನ ಮಧ್ಯೆಯೇ ನಮ್ಮ ಹುಡುಗ ಶೆಟ್ಟರ ಅಂಗಡಿಯಿಂದ ಥಾನು ಹೊತ್ತು ಬಂದ. ಉತ್ತರ ಕಣ್ಣೆದುರೇ ಹಾದು ಹೋಗಿತ್ತು.

ಇನ್ನು ಎಡವಟ್ಟಿನ ಕಥೆ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಮತ್ತೆ ಬಾಗಿಲು ತೆಗೆದರೂ ಗಿರಾಕಿ ಇಲ್ಲ. ಮದುವೆಗಳೇ ಇಲ್ಲದ ಮೇಲೆ ಮ್ಯಾಚಿಂಗ್ ಯಾರಿಗೆ? ಜುಲೈನಲ್ಲಿ ಬೆಂಗಳೂರಿಗೆ ಇನ್ನೊಂದು ವಾರದ ಲಾಕ್‌ಡೌನ್. ಯಜಮಾನರ ಮಗ, ನಾವು ಚಿಕ್ಕ ಯಜಮಾನ್ರು ಅನ್ನುತ್ತೇವೆ, ‘ಇನ್ನು ಕಾಯೋದು ಬೇಡ, ಆನ್‌ಲೈನ್‌ಗೆ ಹಾಕೋಣ. ನಿಮಗೆ ಬಣ್ಣ ಗೊತ್ತು, ಲಿಸ್ಟಿಂಗ್ ನೀವೇ ಮಾಡಿ’ ಅಂದರು. ಒಂದು ಫೋನು, ಒಂದು ರಿಂಗ್ ಲೈಟು ತಂದುಕೊಟ್ಟರು.

ನಾನು ಉತ್ಸಾಹದಲ್ಲಿ ಕೂತೆ. ಥಾನುಗಳನ್ನು ಒಂದೊಂದೇ ಬಿಚ್ಚಿ, ಮಡಿಸಿ, ಫೋಟೊ ಹೊಡೆದು, ಬಣ್ಣದ ಹೆಸರು, ಅಳತೆ, ದರ ತುಂಬಿದೆ. ‘ಸ್ಟಾಕ್ ಎಷ್ಟಿದೆ?’ ಅನ್ನುವ ಒಂದು ಖಾನೆ ಇತ್ತು. ನಮ್ಮ ರ‍್ಯಾಕಿನದು ಮುಗಿದ ಮೇಲೆ ಶೆಟ್ಟರ ಅಂಗಡಿಗೆ ಹೋದೆ. ಅವರು ಆನ್‌ಲೈನ್‌ಗೆ ಬರುವ ಹಾಗಿರಲಿಲ್ಲ. ವರ್ಷದ ವಹಿವಾಟು 40 ಲಕ್ಷದೊಳಗಿದ್ದ ಅಂಗಡಿಗೆ ಜಿಎಸ್‌ಟಿ ನೋಂದಣಿ ಬೇಕಿರಲಿಲ್ಲ. ಆದರೆ ಆನ್‌ಲೈನ್‌ನಲ್ಲಿ ಒಂದು ಕರ್ಚೀಫ್ ಮಾರಬೇಕಾದರೂ ಆಗ ನೋಂದಣಿ ಕಡ್ಡಾಯ. ರಾಜ್ಯದೊಳಗೆ ಮಾರುವ ಸಣ್ಣವರಿಗೆ ಅದರಿಂದ ವಿನಾಯಿತಿ ಸಿಕ್ಕಿದ್ದು 2023ರ ಅಕ್ಟೋಬರ್‌ನಲ್ಲಿ. ‘ಆ ಉಸಾಬರಿ ನಂಗ್ಯಾಕಪ್ಪಾ, ನನ್ನ ಮಾಲೂ ನಿನ್ನದರಲ್ಲೇ ಸೇರಿಸ್ಕೋ. ಬೇಕಾದಾಗ ಹುಡುಗನ್ನ ಕಳಿಸು’ ಅಂದರು. ಇದರಲ್ಲಿ ತಪ್ಪೇನು ಅಂತ ನನಗೂ ಅನ್ನಿಸಲಿಲ್ಲ. ದಿನವೂ ಮಾಡುವುದೇ ತಾನೇ? ಶೆಟ್ಟರ ಅರವತ್ತು ಬಣ್ಣ, ಭಾಯಿಯ ನಲವತ್ತು, ಎಲ್ಲಕ್ಕೂ ‘ಇದೆ’ ಅಂತ ಒತ್ತಿದೆ.

ನವರಾತ್ರಿಗೆ ದಿನಕ್ಕೊಂದು ಬಣ್ಣ ಉಡುವ ಪದ್ಧತಿ ಆಫೀಸುಗಳಿಗೂ ಹಬ್ಬಿ ಎಷ್ಟೋ ವರ್ಷವಾಯಿತು. ಆ ಸಲ ವರ್ಕ್ ಫ್ರಮ್ ಹೋಮ್ ಆದರೂ ಫೋಟೊ ಹಾಕುವುದಕ್ಕೆ ಉಡುವವರು ಉಟ್ಟರು. ಅದರ ಜೊತೆಗೆ ಆನ್‌ಲೈನ್‌ನವರ ಹಬ್ಬದ ಸೇಲ್. ಒಂದು ರಾತ್ರಿ ಹನ್ನೊಂದು ಗಂಟೆಗೆ ಫೋನು ಟಿಣ್ ಟಿಣ್ ಅನ್ನತೊಡಗಿತು. ಬೆಳಗ್ಗೆ ಎದ್ದು ನೋಡಿದರೆ ರಾಮಾ ಗ್ರೀನ್ ಒಂದಕ್ಕೇ ಹದಿನಾಲ್ಕು ಆರ್ಡರ್. ಕುಣಿಯುವಷ್ಟು ಖುಷಿ. ಬೇಗ ಬೇಗ ಮೆಟ್ರೊ ಹಿಡಿದು ಬಂದು ಹುಡುಗನನ್ನು ಓಡಿಸಿದೆ. ಅವನು ಬರಿಗೈಯಲ್ಲಿ ಬಂದ. ಶೆಟ್ಟರ ಅಂಗಡಿಗೆ ಬೀಗ. ಹಬ್ಬಕ್ಕೆ ಊರಿಗೆ ಹೋಗಿದ್ದಾರೆ, ಬರುವುದು ವಿಜಯದಶಮಿ ಕಳೆದು. ಭಾಯಿಯ ಹತ್ತಿರ ಇದ್ದದ್ದು ಎರಡೂವರೆ ಮೀಟರ್. ನಗರ್ತಪೇಟೆ, ಕಬ್ಬನ್‌ಪೇಟೆ ಸುತ್ತಿ ತಂದದ್ದರಲ್ಲಿ ಕೆಲವು ಕಳಿಸಿದೆ, ಉಳಿದವನ್ನು ಕ್ಯಾನ್ಸಲ್ ಮಾಡಿದೆ. ಕ್ಯಾನ್ಸಲ್ ಮಾಡಿದ್ದಕ್ಕೆ ದಂಡ. ಕಳಿಸಿದ್ದರಲ್ಲಿ ಅರ್ಧ ‘ಫೋಟೊದ ಬಣ್ಣವೇ ಬೇರೆ’ ಅಂತ ವಾಪಸ್. ಹೋಗುವ ಖರ್ಚೂ ನಮ್ಮದು, ಬರುವ ಖರ್ಚೂ ನಮ್ಮದು. ವಾಪಸ್ ಬಂದ ಪೀಸುಗಳು ಕತ್ತರಿಸಿದವು, ಇನ್ನೊಬ್ಬರಿಗೆ ಮಾರುವುದು ಕಷ್ಟ. ಮೂರನೇ ದಿನ ನಮ್ಮ ಲಿಸ್ಟಿಂಗ್‌ಗಳನ್ನೆಲ್ಲ ತಡೆಹಿಡಿದರು.

ಚಿಕ್ಕ ಯಜಮಾನ್ರು ಕೂಗಾಡಲಿಲ್ಲ. ‘ಇದೆ ಅಂತ ಯಾಕೆ ಹಾಕಿದ್ರಿ?’ ಅಂತ ಒಂದೇ ಮಾತು ಕೇಳಿದರು. ‘ಇತ್ತಲ್ಲ ಸಾರ್’ ಅಂದೆ. ನಿಜವಾಗಿಯೂ ನನ್ನ ತಲೆಯಲ್ಲಿ ಅದು ಇತ್ತು. ನಮ್ಮ ಗಲ್ಲಿಯಲ್ಲಿ ‘ಇದೆ’ ಅಂದರೆ ಹುಡುಗ ಓಡಿ ತರುವಷ್ಟು ದೂರದಲ್ಲಿದೆ ಅಂತ ಅರ್ಥ. ಆ ಖಾನೆಗೆ ಇದು ಗೊತ್ತಿಲ್ಲ. ಅದರ ಲೆಕ್ಕದಲ್ಲಿ ನಾವೊಂದು ಒಂಟಿ ಅಂಗಡಿ.

ಬಣ್ಣದ ವಿಷಯಕ್ಕೂ ಒಂದು ಮಾತು. ಫೋಟೊ ತೆಗೆದವನು ನಾನು, ರಿಂಗ್ ಲೈಟಿನ ಕೆಳಗೆ. ಇಪ್ಪತ್ತು ವರ್ಷ ಗಿರಾಕಿಗಳನ್ನು ಕರೆದುಕೊಂಡು ‘ಟ್ಯೂಬ್‌ಲೈಟ್ ನಂಬಬೇಡಿ ಅಮ್ಮಾ, ಬಾಗಿಲಿಗೆ ಬನ್ನಿ’ ಅಂತ ಬೀದಿ ಬೆಳಕಿಗೆ ಹಿಡಿದು ತೋರಿಸಿದವನೇ ಅದನ್ನು ಮರೆತಿದ್ದೆ. ರೇಷ್ಮೆಗೆ ಹಾಕುವ ಬಣ್ಣ ಬೇರೆ, ಹತ್ತಿಗೆ ಹಾಕುವುದು ಬೇರೆ. ಟ್ಯೂಬ್‌ಲೈಟಿನಲ್ಲಿ ಅಕ್ಕತಂಗಿಯರ ಹಾಗೆ ಕಾಣುವ ಎರಡು ಬಟ್ಟೆ ಬಿಸಿಲಿಗೆ ಬಂದರೆ ಒಂದು ಕಂದಿಗೆ, ಇನ್ನೊಂದು ನೀಲಿಗೆ ತಿರುಗುತ್ತವೆ. ಮದುವೆ ಬ್ಲೌಸನ್ನು ಟ್ಯೂಬ್‌ಲೈಟಿನಲ್ಲಿ ಆರಿಸಿ, ಛತ್ರದ ಅಂಗಳದಲ್ಲಿ ಅತ್ತವರನ್ನು ನಾನು ಬಲ್ಲೆ.

ಶೆಟ್ಟರು 2022ರಲ್ಲಿ ಅಂಗಡಿ ಮುಚ್ಚಿದರು. ಮಗನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಅವರಿಗೆ ಮೊಣಕಾಲು ನೋವು. ಮಾಲನ್ನೆಲ್ಲ ಕೇಳಿದ ದರಕ್ಕೆ ಕೊಟ್ಟು ಹೋದರು. ನಾವೂ ಸ್ವಲ್ಪ ಎತ್ತಿಕೊಂಡೆವು. ಎದುರಾಳಿ ಹೋದ, ಅವನ ಗಿರಾಕಿಯೂ ನಮ್ಮ ಕಡೆಗೇ ಬರುತ್ತಾರೆ ಅಂತ ಯಜಮಾನರು ಲೆಕ್ಕ ಹಾಕಿದ್ದರು, ನಾನೂ ಹಾಕಿದ್ದೆ. ಆರು ತಿಂಗಳಲ್ಲಿ ನಮ್ಮದೇ ವ್ಯಾಪಾರ ಇಳಿಯಿತು. ‘ಎಲ್ಲಾ ಆನ್‌ಲೈನ್ ಕಾಟ’ ಅಂದೆವು, ಟೀ ಕುಡಿಯುವಾಗಲೆಲ್ಲ ಅದೇ ಮಾತು.

ನನಗೆ ಯಾಕೋ ಅನುಮಾನ. ಒಂದು ತಿಂಗಳು ಹಳೇ ಬಿಲ್ ಪುಸ್ತಕದ ಹಿಂದೆ ಗೆರೆ ಎಳೆಯುತ್ತಾ ಬಂದೆ: ಅಂಗಡಿಗೆ ಬಂದು, ಕೂತು, ಸೀರೆ ಬಿಚ್ಚಿ ತೋರಿಸಿ, ನಾವು ‘ಇಲ್ಲ’ ಅಂದದ್ದಕ್ಕೆ ಎದ್ದು ಹೋದವರಿಗೆ ತಲೆಗೊಂದು ಗೆರೆ. ಮೊದಲು ದಿನಕ್ಕೆ ಎರಡೋ ಮೂರೋ ಇರುತ್ತಿದ್ದದ್ದು ಈಗ ಹನ್ನೆರಡು, ಹದಿನೈದು. ಇವರು ಆನ್‌ಲೈನ್‌ಗೆ ಹೋದವರಲ್ಲ, ಮೆಟ್ರೊ ಇಳಿದು ನಡೆದು ಬಂದವರು. ನಮ್ಮ ರ‍್ಯಾಕಿನಿಂದ ಒಂದು ಥಾನೂ ಕಡಿಮೆ ಆಗಿರಲಿಲ್ಲ, ಆದರೂ ನಮ್ಮಲ್ಲಿ ಹಸಿರು ನೀಲಿ ಖಾಲಿಯಾಗಿತ್ತು. ಹಾಗೆ ಎದ್ದು ಹೋದವರು ಮುಂದಿನ ಸಲ ಅಷ್ಟು ದೂರ ಯಾಕೆ ಬರುತ್ತಾರೆ? ಮನೆಯಲ್ಲೇ ಕೂತು ಒತ್ತುತ್ತಾರೆ. ಅಂಗಡಿ ಮುಚ್ಚುವುದು ಆನ್‌ಲೈನ್‌ನಿಂದ ಅಂತ ನಾವು ಹೇಳುತ್ತಿದ್ದೆವು. ನಮ್ಮ ಗಲ್ಲಿಯ ಮಟ್ಟಿಗೆ ಒಂದು ಅಂಗಡಿ ಮುಚ್ಚಿದ್ದಕ್ಕೇ ಪಕ್ಕದ ಗಿರಾಕಿಗಳು ಆನ್‌ಲೈನ್‌ಗೆ ಹೋದರು.

ಶೆಟ್ಟರ ಜಾಗ ಖಾಲಿ ಬಿದ್ದಿಲ್ಲ. ಅಲ್ಲೀಗ ಒಬ್ಬರು ಕುರ್ತಿ ಪ್ಯಾಕ್ ಮಾಡುತ್ತಾರೆ, ಆನ್‌ಲೈನ್ ಮಾರಾಟಕ್ಕೆ. ಶಟರ್ ಅರ್ಧ ಎಳೆದಿರುತ್ತದೆ, ಒಳಗೆ ದಿನವಿಡೀ ಟೇಪ್ ಹರಿಯುವ ಸದ್ದು, ಸಂಜೆ ಚೀಲಗಟ್ಟಲೆ ಪಾರ್ಸೆಲ್ ಹೋಗುತ್ತದೆ. ಒಳ್ಳೆಯ ಹುಡುಗರು, ಹಬ್ಬಕ್ಕೆ ಸ್ವೀಟ್ ಕೊಡುತ್ತಾರೆ. ಬಾಡಿಗೆಯೂ ಶೆಟ್ಟರಿಗಿಂತ ಜಾಸ್ತಿ ಕೊಡುತ್ತಾರಂತೆ. ಲೆಕ್ಕಕ್ಕೆ ಅದು ನಡೆಯುವ ವ್ಯಾಪಾರವೇ. ನಮಗೆ ಮಾತ್ರ ಅದೊಂದು ಗೋಡೆ. ಅಲ್ಲಿಂದ ಏನನ್ನೂ ಎತ್ತಿಕೊಂಡು ಬರುವ ಹಾಗಿಲ್ಲ, ಅವರಿಗೆ ನಮ್ಮಿಂದ ಏನೂ ಬೇಕಿಲ್ಲ.

ಎಲ್ಲದಕ್ಕೂ ಆನ್‌ಲೈನ್ ಅನ್ನೇ ಬೈದರೆ ನಾನು ಸುಳ್ಳುಗಾರನಾಗುತ್ತೇನೆ. ದಿನನಿತ್ಯ ಸೀರೆ ಉಡುವವರೇ ಕಡಿಮೆಯಾದರು. ಎಳೆದರೆ ಹಿಗ್ಗುವ ರೆಡಿಮೇಡ್ ಬ್ಲೌಸ್ ಬಂತು, ಅದಕ್ಕೆ ಟೈಲರೂ ಬೇಡ, ಲೈನಿಂಗೂ ಬೇಡ. ಪೇಟೆಯಲ್ಲಿ ಕಾರು ನಿಲ್ಲಿಸುವುದು ಅಂತೂ ಕೇಳಲೇಬೇಡಿ. 2017ರಲ್ಲಿ ಚಿಕ್ಕಪೇಟೆ ಮೆಟ್ರೊ ಸ್ಟೇಷನ್ ಆಗದಿದ್ದರೆ ನಾವು ಇಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತಿದ್ದೆವೇನೋ. ಇನ್ನೊಂದು ತಮಾಷೆ: ಆನ್‌ಲೈನ್‌ನಲ್ಲಿ ಸೀರೆ ತರಿಸಿಕೊಂಡವರೇ ಅದಕ್ಕೆ ಹೊಂದುವ ಬ್ಲೌಸ್ ಹುಡುಕಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಸೀರೆ ಕವರ್‌ನಿಂದ ತೆಗೆಯುವಾಗ ಸ್ವಲ್ಪ ಸಂಕೋಚ. ನಾವು ಎಲ್ಲಿ ತಗೊಂಡಿರಿ ಅಂತ ಕೇಳುವುದಿಲ್ಲ.

ಈಗಿನ ನಮ್ಮ ಪದ್ಧತಿ ಹೀಗಿದೆ. ಆನ್‌ಲೈನ್‌ಗೆ ಹಾಕುವುದು ನಮ್ಮ ರ‍್ಯಾಕಿನಲ್ಲಿ ಕೈಯಾರೆ ಅಳೆದದ್ದನ್ನು ಮಾತ್ರ, ಅದೂ ಐದು ಮೀಟರ್ ಬಿಟ್ಟು ಉಳಿದದ್ದು. ಫೋಟೊ ಬೆಳಗ್ಗೆ ಹತ್ತಕ್ಕೆ, ಬಾಗಿಲ ನೆರಳಿನಲ್ಲಿ. ಮ್ಯಾಚಿಂಗ್ ಬೇಕು ಅಂತ ಸೀರೆಯ ಫೋಟೊ ಕಳಿಸಿದವರಿಗೆ ನಾನು ಆಗುವುದಿಲ್ಲ ಅನ್ನುತ್ತೇನೆ. ಒಂದೆಳೆ ನೂಲನ್ನು ಕಾಗದಕ್ಕೆ ಅಂಟಿಸಿ ಲಕೋಟೆಯಲ್ಲಿ ಕಳಿಸಿ ಅನ್ನುತ್ತೇನೆ. ಮೊದಲು ನಕ್ಕರು. ಈಗ ತುಮಕೂರು, ಮಂಡ್ಯದ ಟೈಲರ್ ಅಕ್ಕಂದಿರು ಒಂದೇ ಲಕೋಟೆಯಲ್ಲಿ ಎಂಟು ಹತ್ತು ಎಳೆ ಕಳಿಸುತ್ತಾರೆ, ಪಕ್ಕದಲ್ಲಿ ಎಷ್ಟು ಬೇಕು ಅಂತ ಪೆನ್ಸಿಲಿನಲ್ಲಿ ಬರೆದು. ಹಾಗೆ ಎಳೆ ನೋಡಿ ಕಳಿಸಿದ ಬಟ್ಟೆ ವಾಪಸ್ ಬರುವುದು ಅಪರೂಪ. ಗಲ್ಲಿಯಲ್ಲಿ ಉಳಿದಿರುವ ಐದು ಅಂಗಡಿಯವರು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಯಾರು ಯಾವ ಶೇಡ್ ತರಿಸುತ್ತೇವೆ ಅಂತ ಮೊದಲೇ ಹೇಳಿಕೊಳ್ಳುತ್ತೇವೆ. ಹಸಿರನ್ನು ಯಾರು ಹೊರಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೆ ದುಡ್ಡು ಕಟ್ಟಿಹಾಕಲು ಯಾರೂ ತಯಾರಿಲ್ಲ, ನಮ್ಮ ಯಜಮಾನರೂ ಸೇರಿ.

ಮೊನ್ನೆ ಒಬ್ಬರು ಅಜ್ಜಿ ಮೊಮ್ಮಗಳ ಜೊತೆ ಬಂದರು. ನವಿಲುಬಣ್ಣದ ಹಳೇ ಧರ್ಮಾವರಂ ಸೀರೆ, ನಮ್ಮಲ್ಲಿ ಇಲ್ಲ, ಗುಂಪಿನಲ್ಲಿ ಕೇಳಿದೆ, ಅಲ್ಲೂ ಇಲ್ಲ. ಗೋಡೌನ್ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ. ಬಿಲ್ಲಿನ ಹಿಂದೆ ಶೇಡ್ ನಂಬರ್ ಬರೆದು, ಕಬ್ಬನ್‌ಪೇಟೆಯ ಒಂದು ಅಂಗಡಿಗೆ ಹೋಗುವ ದಾರಿಯ ನಕ್ಷೆ ಹಾಕಿ ಕೊಟ್ಟೆ. ‘ಅಷ್ಟು ದೂರ ನಡೀಬೇಕಾ ಅಜ್ಜಿ, ನಾನು ಫೋನಲ್ಲಿ ನೋಡ್ತೀನಿ’ ಅಂದಳು ಮೊಮ್ಮಗಳು. ಅಜ್ಜಿ ಆಗಲೇ ಮೆಟ್ಟಿಲು ಇಳಿದಿದ್ದರು. ಮುಕ್ಕಾಲು ಗಂಟೆ ಬಿಟ್ಟು ಇಬ್ಬರೂ ವಾಪಸ್ ಬಂದರು. ಕವರ್‌ನಿಂದ ಬ್ಲೌಸ್ ಪೀಸ್ ತೆಗೆದು, ಬಾಗಿಲ ಬೆಳಕಿಗೆ ಹಿಡಿದು, ‘ಸರಿಯಾಗಿದೆಯೇನಪ್ಪಾ?’ ಅಂತ ನನ್ನನ್ನೇ ಕೇಳಿದರು. ಸರಿಯಾಗಿತ್ತು. ‘ಲೈನಿಂಗು, ಫಾಲ್ಸು ಅವರ ಹತ್ರ ಇರ್ಲಿಲ್ಲ. ನೀನೇ ಕೊಡು’ ಅಂದರು. ತೊಂಬತ್ತು ರೂಪಾಯಿ ಬಿಲ್ಲು.