ಕುಮಟೆಯಿಂದ ತಂದ ಹೆಂಚು

ಕಳೆದ ಏಪ್ರಿಲ್ ಕೊನೆಯ ವಾರದಲ್ಲಿ ಶಿರಸಿ ಸೀಮೆಯ ನಮ್ಮ ಮೂಲಮನೆಯ ಹೆಂಚು ಇಳಿಸಿ, ಅದರಡಿಯ ಮರದ ಪಟ್ಟಿಗಳಾದ ರೀಪು ಬದಲಿಸುವ ಕೆಲಸ ಹಿಡಿದಿದ್ದೆವು. ಎರಡು ವರ್ಷಗಳಿಂದ ಮಂಗಗಳ ಹಿಂಡು ಹಲಸಿನ ಮರದಿಂದ ಮಾಡಿಗೆ ಹಾರಿ ಹಾರಿ ಜಗುಲಿಯ ಮೇಲಿನ ಹೆಂಚುಗಳನ್ನು ಒಡೆದುಹಾಕಿದ್ದವು. ಹಿಂದಿನ ಮಳೆಗಾಲ ಪೂರ್ತಿ ಮಾಡಿನ ಕೆಳಗಿನ ಅಟ್ಟವಾದ ಮೆತ್ತಿನ ಮೇಲೆ ಬಾಲ್ದಿ ಇಟ್ಟು ದಿನ ದೂಡಿದ್ದಾಗಿತ್ತು. ಪೇಟೆಯಲ್ಲಿ ಸಿಗುವ ಹೊಸ ಹೆಂಚನ್ನು ತಂದು ಜೋಡಿಸಿ ನೋಡಿದರೆ ಹಳೆಯದರ ಕಚ್ಚಿಗೆ ಕೂರದೆ ಬೆರಳಗಲ ಸಂದು ಉಳಿಯುತ್ತಿತ್ತು. ಎಲ್ಲ ತೆಗೆದು ತಗಡು ಹೊದಿಸುವುದೇ ಸುಲಭವೆಂದು ಮನೆಯಲ್ಲಿ ಹಲವರು ಹೇಳಿದರು. ದೊಡ್ಡಪ್ಪ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಅಷ್ಟರಲ್ಲಿ ಕರಾವಳಿಯ ಕುಮಟೆಯಲ್ಲಿ ಒಂದು ಹಳೆಯ ವಖಾರಿಯನ್ನು, ಅಂದರೆ ಸರಕಿನ ಉಗ್ರಾಣವನ್ನು, ಕೆಡವುತ್ತಿದ್ದಾರೆ, ಹೆಂಚು ಮಾರಾಟಕ್ಕಿದೆ ಎಂಬ ಸುದ್ದಿಯನ್ನು ಆಚಾರಿ ತಂದರು. ಮರುದಿನ ಬೆಳಗಿನ ಜಾವವೇ ದೊಡ್ಡಪ್ಪ, ಆಚಾರಿ, ನಾನು ಒಂದು ಸಣ್ಣ ಲಾರಿ ಮಾಡಿಕೊಂಡು ದೇವಿಮನೆ ಘಟ್ಟ ಇಳಿದೆವು.

ಈ ದಾರಿಯಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ದೊಡ್ಡಪ್ಪನ ಪಕ್ಕದಲ್ಲಿ ಕೂತು ಇಳಿದ ಆ ದಿನ ಅದು ಬೇರೆಯದೇ ದಾರಿಯಾಗಿ ಕಂಡಿತು. ದೇವಿಮನೆಯ ಗುಡಿಯ ಎದುರು ಲಾರಿ ನಿಲ್ಲಿಸಿ ಕೈಮುಗಿದಾಗ ಅವರು ತಮ್ಮ ಅಜ್ಜನಿಂದ ಕೇಳಿದ್ದನ್ನು ಹೇಳಿದರು. ಗಾಡಿಗಳು ಸಾಲಾಗಿ ಇಲ್ಲಿಗೆ ಬಂದು, ಎತ್ತು ಬಿಚ್ಚಿ, ನೀರು ಕುಡಿಸಿ, ಇಳಿಜಾರಿನಲ್ಲಿ ಗಾಡಿ ಎತ್ತಿನ ಮೇಲೆ ನುಗ್ಗದಿರಲೆಂದು ಹಿಂದೆ ಮರದ ತುಂಡು ಕಟ್ಟಿ ಎಳೆಸುತ್ತ ಇಳಿಯುತ್ತಿದ್ದವಂತೆ. ಹೋಗುವಾಗ ಅಡಿಕೆ ಮೂಟೆ, ಹತ್ತಿಯ ಅಂಡಿಗೆ. ಬರುವಾಗ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಆಮೇಲಾಮೇಲೆ ಹೆಂಚು. ನಮ್ಮ ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ, ಕಡಲು ಸೇರುವುದು ಕುಮಟೆಯ ಬದಿಯಲ್ಲಿ. ಆದರೆ ನಡುವೆ ಉಂಚಳ್ಳಿಯಲ್ಲಿ ಅಷ್ಟೆತ್ತರದಿಂದ ಧುಮುಕುವ ಹೊಳೆಯ ಮೇಲೆ ಸರಕು ಸಾಗೀತೇ? ಹಾಗಾಗಿ ಭಾರವೆಲ್ಲ ಎತ್ತಿನ ಹೆಗಲಿಗೆ ಬಿತ್ತು.

ಕುಮಟೆಯ ನೆಲದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಧಾರವಾಡ, ಹುಬ್ಬಳ್ಳಿ ಕಡೆಯ ಎರೆಭೂಮಿಯಲ್ಲಿ ಬೆಳೆದ ನಾಡಹತ್ತಿಗೆ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು, ಏಕೆಂದರೆ ಅದು ಮುಂಬಯಿಗೆ ಹಡಗು ಹತ್ತುತ್ತಿದ್ದದ್ದು ಇಲ್ಲಿಂದ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ ಈ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಆಡಳಿತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಇದೇ ಹತ್ತಿ, ಇದೇ ಬಂದರಿನ ಲೆಕ್ಕಾಚಾರವಿತ್ತು. ಕುಮಟೆಯ ಬಂದರು ತೆರೆದ ಕಡಲಿಗೆ ಬಿದ್ದದ್ದು. ಗುಡ್ಡ, ನಡುಗಡ್ಡೆಗಳ ಮರೆಯಿರುವ ಕಾರವಾರದ ಕೊಲ್ಲಿಯೇ ಲೇಸೆಂದು ಅಧಿಕಾರಿಗಳು ಅತ್ತ ಹೊರಳಿದರು, ಜಿಲ್ಲೆಯ ಮುಖ್ಯ ಊರೂ ಅದೇ ಆಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿಯ ಕಡೆಯಿಂದ ಗೋವೆಯ ಮುರಗಾಂವ ಬಂದರಿಗೆ ರೈಲು ಇಳಿದ ಮೇಲೆ ಎರಡೂ ಊರುಗಳ ಹತ್ತಿ ಸೊರಗಿತು. ಊರಿನ ಹೆಸರು ಮಾತ್ರ ಘಟ್ಟದ ಮೇಲಿನ ಎರೆಹೊಲಗಳಲ್ಲಿ ಉಳಿಯಿತು. ಬೆಳೆಯದ ಬೆಳೆಗೆ ಹೆಸರು ಕೊಟ್ಟ ಈ ಊರಿನ ಬಗ್ಗೆ ನನಗೆ ವಿಶೇಷ ಅಕ್ಕರೆ.

ವಖಾರಿ ಪೇಟೆಯ ಒಳಗಲ್ಲಿಯಲ್ಲಿತ್ತು. ಒಂದು ಪಕ್ಕದ ಗೋಡೆ ಆಗಲೇ ಉರುಳಿತ್ತು, ಉಳಿದದ್ದರ ದಪ್ಪ ನನ್ನ ಒಂದೂವರೆ ಮೊಳ. ಚಿರೇಕಲ್ಲಿನ ಮೇಲೆ ಸುಣ್ಣದ ಗಾರೆ, ಗಾರೆ ಎದ್ದ ಕಡೆ ಕಲ್ಲು ಕತ್ತರಿಸಿದವರ ಕೊಡಲಿಯ ಓರೆಗೆರೆಗಳು ನಿನ್ನೆ ಹೊಡೆದಷ್ಟು ಸ್ಪಷ್ಟವಾಗಿದ್ದವು. ಕಿಟಕಿಗಳು ಎತ್ತರದಲ್ಲಿ, ಗಾಳಿಗೆ ಮಾತ್ರ. ಬಾಗಿಲು ಗಾಡಿ ಹಿಂದಾಗಿ ನುಗ್ಗುವಷ್ಟು ಅಗಲ. ಹೊಸ್ತಿಲಿನ ಕಪ್ಪುಕಲ್ಲಿನ ಎರಡೂ ಬದಿಯಲ್ಲಿ, ಚಕ್ರದ ಕಬ್ಬಿಣದ ಪಟ್ಟಿ ಹಾದು ಹಾದು, ಅಂಗೈ ಮಗುಚಿಟ್ಟಂಥ ತಗ್ಗು ಬಿದ್ದಿತ್ತು. ನಾನು ಕೂತು ಅದರಲ್ಲಿ ಕೈಯಿಟ್ಟೆ. ನುಣ್ಣಗಿತ್ತು. ಒಳಗೆ ಹತ್ತಿ ಇತ್ತೋ ಅಡಿಕೆ ಇತ್ತೋ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಎಷ್ಟು ಗಾಡಿ ಬಂದಿದ್ದರೆ ಅಂಥ ಕಲ್ಲು ಇಷ್ಟು ಸವೆದೀತು!

ಹೆಂಚುಗಳನ್ನು ಅಂಗಳದಲ್ಲಿ ಒಟ್ಟಿದ್ದರು. ಆಚಾರಿ ಒಂದೊಂದನ್ನೇ ಎತ್ತಿ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಕಂಚಿನಂತೆ ಠಣ್ಣೆಂದರೆ ಸರಿ, ಮಂದವಾಗಿ ಸದ್ದು ಕೊಟ್ಟರೆ ಒಳಗೆ ಬಿರುಕು. “ಹೆಗಡೇರೇ, ಇದು ನಿಮ್ಮನೆದೇ ಜಾತಿ” ಎಂದು ಒಂದನ್ನು ಮಗುಚಿ ನನ್ನ ಕೈಗಿತ್ತರು. ಹಿಮ್ಮಗ್ಗುಲಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಹೆಸರು, 1865 ಎಂಬ ಇಸವಿ. ನೂರೈವತ್ತು ವರ್ಷ ದಾಟಿದ ಹೆಂಚು ಎಂದು ನಾನು ಹಿಗ್ಗಿದೆ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, “ಅದು ಹೆಂಚು ಮಾಡಿದ ಇಸ್ವಿ ಅಲ್ದೋ ತಮಾ, ಕಾರ್ಖಾನೆ ಶುರುವಾದ ಇಸ್ವಿ” ಎಂದು ತಿದ್ದಿದರು. ಅವರ ಮಾತೇ ಸರಿ. ಜರ್ಮನಿಯ ಪ್ಲೆಬ್ಸ್ಟ್ ಎಂಬ ಮಿಶನರಿ ಮಂಗಳೂರಿನ ಜೆಪ್ಪುವಿನಲ್ಲಿ ಆ ವರ್ಷ ಶುರುಮಾಡಿದ ಕಾರ್ಖಾನೆ ಮುಂದೆ ದಶಕಗಳ ಕಾಲ ಅದೇ ಅಚ್ಚನ್ನು ಒತ್ತಿತು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿ, ಯಂತ್ರದ ಒತ್ತು, ಒಂದರ ತುಟಿ ಇನ್ನೊಂದರ ಕಚ್ಚಿಗೆ ಕೂರುವ ಜಾಣತನ. ವರ್ಷವರ್ಷ ಹುಲ್ಲು, ಸೋಗೆ ಹೊದಿಸುತ್ತಿದ್ದ ನಮ್ಮ ಸೀಮೆಯವರಿಗೆ ಬೆಂಕಿಯ ಭಯವಿಲ್ಲದ, ಒಮ್ಮೆ ಹೊದಿಸಿದರೆ ತಲೆಮಾರು ಕಳೆಯುವ ಮಾಡು ಎಂದರೆ ಎಂಥ ನೆಮ್ಮದಿಯಾಗಿರಬೇಕು! ನಮ್ಮ ಮನೆಯ ಹೆಂಚು ಮಂಗಳೂರಿನಿಂದ ಮಚವೆ ಎಂಬ ಸರಕಿನ ದೋಣಿಯಲ್ಲಿ ಕುಮಟೆಗೆ ಬಂದು, ಗಾಡಿಯಲ್ಲಿ ಒಣಹುಲ್ಲಿನ ನಡುವೆ ಘಟ್ಟ ಹತ್ತಿತೆಂದು ಮನೆಯಲ್ಲಿ ಹೇಳುತ್ತ ಬಂದಿದ್ದಾರೆ.

ಆ ಮಾತು ನೆನಪಿಟ್ಟು ನಾವೂ ಹುಲ್ಲು ಒಯ್ದಿದ್ದೆವು. 340 ಹೆಂಚುಗಳನ್ನು ಅಡ್ಡಮೈಯಾಗಿ, ಒಂದರ ಬೆನ್ನಿಗೊಂದು ನಿಲ್ಲಿಸಿ, ನಡುನಡುವೆ ಹುಲ್ಲು ತುರುಕಿ ತುಂಬಿದೆವು. ಘಟ್ಟದ ಅರ್ಧದಲ್ಲಿ ಅಡ್ಡಮಳೆ ಹಿಡಿಯಿತು. ಅಗಲೀಕರಣಕ್ಕೆ ಅಗೆದ ಕಡೆಗಳಲ್ಲಿ ಕೆಂಪು ರಾಡಿ, ಲಾರಿ ಎತ್ತಿನ ನಡಿಗೆಯಲ್ಲೇ ಹತ್ತಿತು. ಪ್ರತಿ ಕುಲುಕಿಗೂ ಆಚಾರಿ ಹಿಂದೆ ತಿರುಗಿ ಕಿವಿಗೊಡುತ್ತಿದ್ದರು.

ವಾರದೊಳಗೆ ಜಗುಲಿಯ ಮಾಡು ಮುಗಿಯಿತು. ಮೆತ್ತಿನಲ್ಲಿ ನಿಂತು ಮೇಲೆ ನೋಡಿದರೆ, ಅಡುಗೆಮನೆಯ ಹೊಗೆ ಕುಡಿದು ಕಪ್ಪಾದ ನಮ್ಮ ಹೆಂಚುಗಳ ನಡುವೆ ವಖಾರಿಯವು ಕೆಂಪಗೆ ತೋರುತ್ತವೆ. ಕಚ್ಚು ಮಾತ್ರ ಎಲ್ಲೂ ಬಿಟ್ಟಿಲ್ಲ. ದಾರಿಯಲ್ಲಿ ಒಡೆದವು ಹನ್ನೊಂದು. ಹೊದಿಸಿ ಮಿಕ್ಕ ನಾಲ್ವತ್ತನ್ನು ದೊಡ್ಡಪ್ಪ ತಾವೇ ಎಣಿಸಿ, ಮುಂದಿನ ವರ್ಷದ ಮಂಗಗಳಿಗೆಂದು ಕೊಟ್ಟಿಗೆಯ ಹಿಂದೆ ಒಟ್ಟಿ, ಮೇಲೆ ಸೋಗೆ ಮುಚ್ಚಿಟ್ಟಿದ್ದಾರೆ.