ಏನೂ ಮಾಡಲ್ಲಮ್ಮ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವವರ ನಮ್ಮ ಗುಂಪು ಬುಧವಾರ ಲಾಲ್‌ಬಾಗ್‌ನಲ್ಲಿ ಸೇರಿದ್ದಾಗ ಅಲ್ಲಿನ ಬಂಡೆಯ ಮೇಲೆ ಕೇಳಿದ ಎರಡು ಪದ ಶನಿವಾರವಾದರೂ ಕಿವಿ ಬಿಟ್ಟಿಲ್ಲ.

ಪ್ರಶ್ನೆ ಕೇಳಿದ್ದು ಅವತ್ತೇ ಮೊದಲ ಸಲ ಬಂದಿದ್ದ ತಾಯಿ. ಮಗನಿಗೆ 8 ವರ್ಷ. ಎರಡನೇ ಕ್ಲಾಸು ಮುಗಿಸಿ ಜೂನ್‌ನಲ್ಲಿ ಶಾಲೆ ಬಿಡಿಸಿದ್ದಾರೆ. "ಅಕ್ಕಾ, ಬೆಳಿಗ್ಗೆ ಒಂಬತ್ತಕ್ಕೆ ಪುಸ್ತಕ ಮುಂದಿಟ್ಟರೆ ನೆಲದ ಮೇಲೆ ಮಲಗಿಬಿಡ್ತಾನೆ, ಓದಲ್ಲ ಅಂತಾನೆ. ಅಂಥ ದಿನ ನೀವು ಏನ್ ಮಾಡ್ತೀರಿ?"

ಉತ್ತರ ಕೊಟ್ಟವರು ಆರು ವರ್ಷದಿಂದ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿರುವವರು. ಕಿತ್ತಳೆ ಸುಲಿಯುತ್ತಿದ್ದ ಕೈ ನಿಲ್ಲಿಸದೆ, ಬಹಳ ಅಕ್ಕರೆಯಿಂದಲೇ ಅಂದರು: "ಏನೂ ಮಾಡಲ್ಲಮ್ಮ."

ಹೊಸಬರು ತಲೆಯಾಡಿಸಿದರು. ಮುಂದೆ ಏನೂ ಕೇಳಲಿಲ್ಲ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು.

ಆ ಉತ್ತರ ಸುಳ್ಳಲ್ಲ, ನಿಜವೇ. ಆದರೆ ಆರು ವರ್ಷ ಮಾಡಿದವರ ಬಾಯಲ್ಲಿ ಅದಕ್ಕೆ ಒಂದು ಅರ್ಥ, ಏಳು ವಾರ ಆದವರ ಕಿವಿಯಲ್ಲಿ ಇನ್ನೊಂದು. "ನಿಮ್ಮ ಕೈಲಿ ಆಗದ್ದು ನಮಗೆ ಸಲೀಸು" ಅಂತ ಅವರಿಗೆ ಕೇಳಿಸಿರಬೇಕು. ಆ 'ಏನೂ ಇಲ್ಲ'ದ ಒಳಗೆ ಎಷ್ಟು ಕೆಲಸ ತುಂಬಿದೆ ಅನ್ನುವುದನ್ನು ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಶಾಲೆ ಬಿಟ್ಟ ತಕ್ಷಣ ಮಗುವಿನೊಳಗಿನ ಶಾಲೆ ಬಿಡುವುದಿಲ್ಲ. ಅದು ಇಳಿಯುವ ಅವಧಿಗೆ ಮನೆ ಕಲಿಕೆಯವರು 'ಡಿಸ್ಕೂಲಿಂಗ್' ಅನ್ನುತ್ತಾರೆ. ಲೆಕ್ಕ ಒರಟು: ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ಒಂದು ತಿಂಗಳು. ಎಷ್ಟೋ ಮನೆಗಳು ಮಾಡಿ ನೋಡಿ ಕಂಡುಕೊಂಡ ಅಂದಾಜು ಅದು, ನಿಯಮವಲ್ಲ. ಆ ಹುಡುಗ ಎಲ್‌ಕೆಜಿ, ಯುಕೆಜಿ, ಒಂದು, ಎರಡು ಅಂತ 4 ವರ್ಷ ಹೋಗಿದ್ದಾನೆ. ಹಾಗಾದರೆ ಅಕ್ಟೋಬರ್ ಬರುವ ತನಕ ಪಠ್ಯಪುಸ್ತಕ ಅವನ ಮುಂದೆ ಬರುವ ಅಗತ್ಯವೇ ಇಲ್ಲ. ಬೆಲ್ ಹೊಡೆದರೆ ಏಳುವುದು, ಕೈಯೆತ್ತಿ ಕೇಳಿ ಬಚ್ಚಲಿಗೆ ಹೋಗುವುದು, ಕೆಂಪು ಶಾಯಿಯ ಗುರುತಿಗೆ ಕಾಯುವುದು, ಇದೆಲ್ಲ ನಾಲ್ಕು ವರ್ಷ ಅಭ್ಯಾಸವಾದ ಮಗು ಯಾರಾದರೂ ಹೇಳಲಿ ಅಂತಲೇ ಕೂತಿರುತ್ತದೆ. ಮನೆಯಲ್ಲಿ ಅಮ್ಮ ಅದೇ ಟೈಮ್‌ಟೇಬಲ್ ಗೋಡೆಗೆ ಅಂಟಿಸಿದರೆ ಅದಕ್ಕೆ ಕಾಣುವುದು ಓಡಿಹೋಗಲು ಜಾಗವಿಲ್ಲದ ಶಾಲೆ. ಶಾಲೆಯಲ್ಲಾದರೆ ಮೂರೂವರೆಗೆ ಮನೆಗೆ ಬರಬಹುದಿತ್ತು. ಆದ್ದರಿಂದಲೇ ಮೂರನೇ ವಾರದ ಹೊತ್ತಿಗೆ ಮಗು ನೆಲದ ಮೇಲೆ ಮಲಗುವುದು. ಸೋಮಾರಿತನ ಅಂತ ಅದನ್ನು ಓದಬಾರದು.

ಆದರೆ ಈ ತಿಂಗಳುಗಳಲ್ಲಿ ಎಲ್ಲವನ್ನೂ ಬಿಟ್ಟುಬಿಟ್ಟರೆ ಆ ಜಾಗಕ್ಕೆ ಮೊಬೈಲ್ ಬಂದು ಕೂರುತ್ತದೆ. ಬಿಡಬೇಕಾದ್ದು ಪಾಠವನ್ನು, ದಿನದ ಕಟ್ಟನ್ನಲ್ಲ. ಏಳುವ, ಉಣ್ಣುವ, ಮಲಗುವ ಹೊತ್ತು ಗಟ್ಟಿಯಾಗಿರಬೇಕು. ಪರದೆಗೆ ಒಂದು ಗೊತ್ತಾದ ಗಂಟೆ, ಅದೂ ಸಂಜೆ. ಬೆಳಿಗ್ಗೆ ಕೊಟ್ಟರೆ ಇಡೀ ದಿನ ಅದರ ಬಾಲ ಹಿಡಿದು ಹೋಗುತ್ತದೆ. ದಿನಕ್ಕೆ ಎರಡು ಗಂಟೆಯಾದರೂ ಬಾಗಿಲ ಹೊರಗೆ. ಮನೆಯ ಒಂದು ನಿಜವಾದ ಕೆಲಸ ಮಗುವಿನದೇ ಆಗಬೇಕು, ಅವನು ಮಾಡದಿದ್ದರೆ ಆ ಕೆಲಸ ನಿಲ್ಲುವಂಥದು: ಒಣಗಿದ ಬಟ್ಟೆ ಮಡಚುವುದೋ, ಗಿಡಕ್ಕೆ ನೀರೋ. ರಾತ್ರಿ 20 ನಿಮಿಷ ದೊಡ್ಡವರು ಗಟ್ಟಿಯಾಗಿ ಓದಿ ಹೇಳುವುದು. ಮಗುವಿಗೆ ಓದಲು ಬಂದರೂ ಇದನ್ನು ನಿಲ್ಲಿಸಬಾರದು. ವಾರಕ್ಕೊಮ್ಮೆ ಲೈಬ್ರರಿ. ಅಷ್ಟೇ. "ನನಗೆ ಬೋರು" ಅಂತ ಗೋಳಾಡುವುದು ನಿಂತು, "ಇದು ಯಾಕೆ ಹೀಗೆ" ಅಂತ ತಾನಾಗಿ ಕೇಳಲು ಶುರುವಾದರೆ ಅವಧಿ ಮುಗಿಯುತ್ತಿದೆ ಎಂದು ಅರ್ಥ.

ಆಮೇಲೂ ಕೂತು ಓದುವ ಹೊತ್ತು ಜನ ಊಹಿಸುವಷ್ಟು ಇರುವುದಿಲ್ಲ. 6-7 ವರ್ಷದವರಿಗೆ ಅರ್ಧ ಗಂಟೆ, 8ರಿಂದ 10ರವರಿಗೆ ಒಂದರಿಂದ ಒಂದೂವರೆ ಗಂಟೆ, ಅದೂ 20 ನಿಮಿಷದ ತುಂಡುಗಳಲ್ಲಿ, ಬಹುಪಾಲು ಮನೆಗಳಿಗೆ ಸಾಕಾಗುತ್ತದೆ. ನಲವತ್ತು ಮಕ್ಕಳ ಹಾಜರಿ ಕರೆಯುವುದಿಲ್ಲ, ನಲವತ್ತು ನೋಟ್‌ಬುಕ್ ತಿದ್ದಲು ಕಾಯುವುದಿಲ್ಲ.

ಉಳಿದ ಕಲಿಕೆ ಅಡುಗೆಮನೆಯಲ್ಲೇ ಆಗುತ್ತದೆ, ಅದಕ್ಕೆ ದೊಡ್ಡವರು ಹಿಂದಿನ ರಾತ್ರಿ ಸಿದ್ಧ ಮಾಡಿಟ್ಟಿದ್ದರೆ. ಕಿತ್ತಳೆ ಸುಲಿಯುತ್ತಿದ್ದ ಆ ಅಕ್ಕನ ಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಹಿತ್ತಾಳೆಯ ಪಾವು, ಸೇರು ಇವೆ. ಸೇರು ಪೂರ್ತಿ ಒಂದು, ಅಚ್ಚೇರು ಅದರ ಅರ್ಧ, ಪಾವು ಕಾಲು, ಅರೆಪಾವು ಎಂಟರಲ್ಲೊಂದು. ಭಿನ್ನರಾಶಿ ಇಷ್ಟು ಸ್ಪಷ್ಟವಾಗಿ ಕೈಗೆ ಸಿಗುವ ಸಾಮಾನು ಅಂಗಡಿಯ ಕಲಿಕಾ ಕಿಟ್‌ನಲ್ಲಿ ಸಿಗುವುದಿಲ್ಲ. ದೋಸೆಗೆ ನಾಲ್ಕು ಅಕ್ಕಿಗೆ ಒಂದು ಉದ್ದು ಅಂತ ನೆನೆಸಲು ಹೇಳಿ, "ಇವತ್ತು ಮೂರೇ ಪಾವು ಅಕ್ಕಿ ಇದೆ, ಉದ್ದು ಎಷ್ಟು ಹಾಕ್ತೀಯ?" ಅಂದರೆ ಮುಕ್ಕಾಲು ಪಾವು ಅನ್ನುವ ಉತ್ತರಕ್ಕೆ ಮಗು ಅಕ್ಕಿ ಸುರಿದು, ತೆಗೆದು, ಮತ್ತೆ ಸುರಿದು ತಾನೇ ತಲುಪುತ್ತದೆ. ಉದ್ದು ಕಡಿಮೆ ಬಿದ್ದರೆ ಮರುದಿನ ದೋಸೆ ಗಟ್ಟಿ. ತಪ್ಪನ್ನು ಕೆಂಪು ಶಾಯಿಯಲ್ಲಿ ತೋರಿಸುವ ಅಗತ್ಯ ಬರುವುದಿಲ್ಲ.

ಇಂಗ್ಲಿಷ್ ಮೀಡಿಯಂನಿಂದ ಬಂದ ಮಕ್ಕಳು ಕನ್ನಡ ಓದಲು ತಡವರಿಸುತ್ತಾರೆ. ಅಆಇಈ ಸಾಲಿನಿಂದ ಶುರುಮಾಡುವುದೇ ಅಲ್ಲಿ ಆಗುವ ತಪ್ಪು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ್ದು. ಅಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಐದೇ ಅಕ್ಷರ ಬಂದರೆ ಸರ, ಅರಸ, ದಸರ, ಗರಗಸ ಓದಬಹುದು. ಮೊದಲ ವಾರದಲ್ಲೇ ಮಗುವಿಗೆ "ನಾನು ಓದಿದೆ" ಅನ್ನಿಸುತ್ತದೆ. ಒಬ್ಬೊಬ್ಬ ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ ಏಣಿ ಹತ್ತುವ ಆ ಕ್ರಮ ಮನೆಗೆ ಹೇಳಿ ಮಾಡಿಸಿದಂತಿದೆ. ರಾಜ್ಯದ ಪಠ್ಯಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತ. ದುಬಾರಿ ವಿದೇಶಿ ಕಿಟ್ ತರಿಸುವ ಮನೆಗಳು ಇದನ್ನು ತಿರುಗಿಯೂ ನೋಡದಿರುವುದು ನನಗೆ ನೋವಿನ ಸಂಗತಿ. ಒತ್ತಕ್ಷರದ ಹೊತ್ತಿಗೆ ಬಸ್ಸಿನ ಬೋರ್ಡುಗಳಿವೆ: ಯಶವಂತಪುರ ಸಲೀಸು, ಮಲ್ಲೇಶ್ವರಕ್ಕೆ ಎರಡು ಒತ್ತು, ಕೃಷ್ಣರಾಜ ಮಾರುಕಟ್ಟೆ ಬಂದರೆ ಪರೀಕ್ಷೆಯೇ ಸರಿ.

ಮತ್ತೆ ಬಂಡೆಗೆ ಬರುತ್ತೇನೆ. "ಏನೂ ಮಾಡಲ್ಲಮ್ಮ" ಆದ ಮೇಲಿನ ಮೌನದಲ್ಲಿ ಒಬ್ಬ ತಂದೆ ಮೊಬೈಲ್ ತೆಗೆದು, "ಮೇಡಂ, ಒಂದು ಫೋಲ್ಡರ್ ಕಳಿಸ್ತೀನಿ, ಸಾವಿರದ ಮೇಲೆ ವರ್ಕ್‌ಶೀಟ್ ಇದೆ" ಅಂದರು. ಒಳ್ಳೆಯ ಮನಸ್ಸಿನ ಮನುಷ್ಯ, ಯಾರು ಕೇಳಿದರೂ ಇಲ್ಲ ಅನ್ನುವವರಲ್ಲ. ಆದರೆ ಓದಲ್ಲ ಅಂತ ನೆಲದ ಮೇಲೆ ಮಲಗಿದ ಮಗುವಿನ ತಾಯಿಗೆ ಸಾವಿರ ಹಾಳೆ ಕೊಟ್ಟರೆ, ಆಕೆ ಮಾಡದೆ ಬಿಟ್ಟ ಕೆಲಸಗಳ ಪಟ್ಟಿಗೆ ಇನ್ನೊಂದು ಸಾವಿರ ಸೇರಿಸಿದಂತೆ.

ಅವತ್ತು ಸರಿಯಾದ ಪ್ರಶ್ನೆ ಕೇಳಿದ್ದು ಆ ತಾಯಿಯ ಅತ್ತೆ. "ಅದೆಲ್ಲ ಸರಿ, ನಾಳೆ ಹತ್ತನೇ ಕ್ಲಾಸು ಹೆಂಗೆ? ಪೊಲೀಸ್ನೋರು ಏನೂ ಅನ್ನಲ್ವಾ?" ಇಬ್ಬರು ನಕ್ಕರು, ನಗಬಾರದಿತ್ತು. ಮನೆ ಕಲಿಕೆಯವರು ಅಜ್ಜ-ಅಜ್ಜಿಯರನ್ನು ಅಡ್ಡಿ ಅಂದುಕೊಳ್ಳುವುದು ಹೆಚ್ಚು. ಅವರ ಭಯಕ್ಕೆ ನೇರ ಉತ್ತರ ಕೊಟ್ಟರೆ ದಿನಕ್ಕೆ ಎರಡು ಗಂಟೆ ಮಗುವನ್ನು ನೋಡಿಕೊಳ್ಳುವವರೂ ಅವರೇ.

ಉತ್ತರ ಹೀಗೆ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರ 10ನೇ ಕಲಂ ಹೇಳುತ್ತದೆ, ಸೇರಿಸದಿದ್ದರೆ ಇಂಥ ಶಿಕ್ಷೆ ಅಂತ ಹೇಳುವುದಿಲ್ಲ. ಮನೆ ಕಲಿಕೆಯನ್ನು ಹೆಸರು ಹಿಡಿದು ಒಪ್ಪುವುದೂ ಇಲ್ಲ. ಈ ಎರಡನ್ನೂ ಮುಚ್ಚಿಡದೆ ಹೇಳಬೇಕು. ಅದೇ ಕಾಯ್ದೆಯ 4ನೇ ಕಲಂ ಪ್ರಕಾರ ಶಾಲೆಯಿಂದ ಹೊರಗುಳಿದ ಮಗು ಮರಳಿದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಬಾಗಿಲು ಮುಚ್ಚಿಲ್ಲ ಅನ್ನುವುದಕ್ಕೆ ಅದೇ ಆಧಾರ. ಆದರೂ ಶಾಲೆ ಬಿಡಿಸುವಾಗ ಟಿ.ಸಿ. ಕೈಗೆ ತೆಗೆದುಕೊಂಡು, ಮಗುವಿನ ಸ್ಯಾಟ್ಸ್ ಸಂಖ್ಯೆ (ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಎರಡು ವರ್ಷ ಆದ ಮೇಲೆ ಹುಡುಕುವುದು ಕಷ್ಟ.

ಹತ್ತನೇದಕ್ಕೆ ಹೆಚ್ಚಿನವರು ಹಿಡಿಯುವ ದಾರಿ ಎನ್‌ಐಒಎಸ್, ಅಂದರೆ ಶಾಲೆಗೆ ಹೋಗದೆಯೇ ಪರೀಕ್ಷೆ ಬರೆಯಬಹುದಾದ ಕೇಂದ್ರ ಸರ್ಕಾರದ ಮುಕ್ತ ಶಾಲಾ ಮಂಡಳಿ, 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಶುರುವಾದದ್ದು. ವಯಸ್ಸು 14 ತುಂಬಿರಬೇಕು. ಯಾವ ದಿನಾಂಕಕ್ಕೆ ಅನ್ನುವುದನ್ನು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲೇ ನೋಡಬೇಕು. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಪಾಸಿಗೆ ಶೇ. 33. ನೋಂದಣಿ 5 ವರ್ಷ ನಡೆಯುತ್ತದೆ, ಅಷ್ಟರಲ್ಲಿ 9 ಅವಕಾಶ. ಒಂದೇ ಸಲ ಐದೂ ಬರೆಯಬೇಕಿಲ್ಲ, ಎರಡು ಬರೆದು ಆರು ತಿಂಗಳಿಗೆ ಮತ್ತೆ ಮೂರು ಬರೆಯಬಹುದು. ಟಿಎಂಎ ಅನ್ನುವ ಅಸೈನ್‌ಮೆಂಟಿಗೆ ಶೇ. 20 ಅಂಕ, ಕೊನೆಯ ದಿನ ಮರೆತು ಅದನ್ನು ಕಳೆದುಕೊಳ್ಳುವ ಮಕ್ಕಳಿದ್ದಾರೆ. ಇನ್ನೊಂದು ಎಡವಟ್ಟು ನಮ್ಮ ಇನಿಷಿಯಲ್‌ನದು. ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಹಿಂದೆ ಒಂದಕ್ಷರ, ಟಿ.ಸಿ.ಯಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ತಿದ್ದಲು ತಿಂಗಳುಗಟ್ಟಲೆ ಹಿಡಿಯಬಹುದು. ಮಗುವಿಗೆ 12 ಆದಾಗಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿಬಿಡಬೇಕು. ಡಾಕ್ಟರಾಗಲು ಆಗಲ್ಲ ಅನ್ನುವ ಮಾತಿಗೆ, 2018ರಲ್ಲಿ ನೀಟ್‌ನಿಂದ ಮುಕ್ತ ಶಾಲೆಯವರನ್ನು ಹೊರಗಿಟ್ಟ ನಿಯಮವನ್ನು ದೆಹಲಿ ಹೈಕೋರ್ಟ್ ಅದೇ ವರ್ಷ ತಳ್ಳಿಹಾಕಿತು ಅಂತ ಹೇಳಬಹುದು.

ಅತ್ತೆ ಇಷ್ಟನ್ನೂ ಕೇಳಿಸಿಕೊಂಡು, "ಸರಿ ಬಿಡಿ, ಇನ್ನೂ ಆರು ವರ್ಷ ಇದೆ" ಅಂದರು. ಸೊಸೆಯ ಹೆಗಲು ಸ್ವಲ್ಪ ಇಳಿದದ್ದು ಆಗಲೇ.

ಆದರೂ ಮೊದಲ ಪ್ರಶ್ನೆ ಹಾಗೇ ಉಳಿದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಏನು ಮಾಡುವುದು? ಆಕೆ ಮನೆಯಿಂದಲೇ ಆಫೀಸು ಕೆಲಸ ಮಾಡುತ್ತಾರೆ. ಮಗು ಹಾಗೆ ನೆಲದ ಮೇಲೆ ಮಲಗಿದ ಹೊತ್ತಿನಲ್ಲೇ ಅವರಿಗೆ ಮೀಟಿಂಗ್. ಡಿಸ್ಕೂಲಿಂಗ್ ವಿವರಿಸಿದರೆ ಮಗುವಿನ ಸಮಸ್ಯೆಗೆ ದಾರಿ ಸಿಕ್ಕಿತು, ತಾಯಿಯದಕ್ಕೆ ಅಲ್ಲ. ಇಲ್ಲೇ ನಮ್ಮ ಗುಂಪುಗಳು ಸೋಲುವುದು. ಪುಸ್ತಕ ಹಂಚುತ್ತೇವೆ, ಲಿಂಕ್ ಹಂಚುತ್ತೇವೆ, ಮಗು ಮಾಡಿದ ಮಣ್ಣಿನ ಮನೆಯ ಫೋಟೊ ಹಂಚುತ್ತೇವೆ. ಕೈಯನ್ನೂ ಹೊತ್ತನ್ನೂ ಹಂಚಿಕೊಳ್ಳುವುದು ಅಪರೂಪ.

ಹಂಚಿಕೊಳ್ಳುವ ಗುಂಪುಗಳು ನಡೆಯುವ ರೀತಿ ಬೇರೆ. ನಾಲ್ಕರಿಂದ ಆರು ಮನೆ, ಒಂದಕ್ಕೊಂದು ಐದು ಕಿಲೋಮೀಟರಿನೊಳಗೆ. ಹತ್ತು ದಾಟಿದರೆ ಅದು ಜಾತ್ರೆ. ಯಾರ ಮಗು ಯಾರ ಕಣ್ಣಲ್ಲಿದೆ ಅನ್ನುವುದು ತಪ್ಪಿಹೋಗುತ್ತದೆ. ದಿನ, ಹೊತ್ತು ಬದಲಾಗಬಾರದು. "ಈ ವಾರ ಎಲ್ಲರಿಗೂ ಯಾವಾಗ ಆಗುತ್ತೆ" ಅಂತ ಕೇಳಲು ಶುರುಮಾಡಿದ ಗುಂಪು ಮೂರು ತಿಂಗಳಲ್ಲಿ ನಿಂತುಹೋಗುತ್ತದೆ. ಪ್ರತಿ ವಾರ ಒಂದು ಮನೆಯವರ ಪಾಳಿ, ಜೊತೆಗೆ ಇನ್ನೊಬ್ಬ ದೊಡ್ಡವರು. ಉಳಿದವರು ಮಕ್ಕಳನ್ನು ಬಿಟ್ಟು ಹೋಗಬಹುದು. ಪಾಳಿ ಇಲ್ಲದಿದ್ದರೆ ಎಲ್ಲವೂ ಒಬ್ಬ ತಾಯಿಯ ತಲೆಗೆ ಬೀಳುತ್ತದೆ, ಆಕೆ ಸುಸ್ತಾದ ದಿನ ಗುಂಪೂ ಮುಗಿಯುತ್ತದೆ. ಖರ್ಚು ಹಂಚಿಕೊಳ್ಳಿ, ಆದರೆ ಒಬ್ಬರು ಇನ್ನೊಬ್ಬರಿಗೆ ಫೀಸು ಕಟ್ಟುವಂತಾದರೆ ಗೆಳೆತನ ಹೋಗಿ ಟ್ಯೂಷನ್ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಮನೆಗೆ ಒಂದು ಹಳೇ ಮನೆ ಜೋಡಿ, ಮೊದಲ ಮೂರು ತಿಂಗಳು. ವಾರಕ್ಕೊಂದು ಫೋನು, 20 ನಿಮಿಷ, ಕರೆ ಮಾಡಬೇಕಾದ್ದು ಹಳಬರು. ಹೊಸಬರು ತಾವಾಗಿ ಮಾಡುವುದಿಲ್ಲ. ಸೋತೆ ಅಂತ ಒಪ್ಪಿಕೊಂಡಂತೆ ಆಗುತ್ತದೆ ಅನ್ನುವ ಸಂಕೋಚ.

ದೊಡ್ಡವರು ಇದನ್ನೆಲ್ಲ ಮಾತಾಡುತ್ತಿದ್ದಾಗ ಆ ಹುಡುಗ ಬಂಡೆಯ ಒಂದು ಕುಳಿಯಿಂದ ಇನ್ನೊಂದಕ್ಕೆ ಮಳೆನೀರು ಹರಿಸುತ್ತಿದ್ದ. ಎಲೆ ಮಡಚಿ ದೋಣಿಯಂತೆ ಮಾಡಿ ನೀರು ಎತ್ತುವುದು, ಸೋರಿದರೆ ಬಿಸಾಡಿ ಇನ್ನೊಂದು ಎಲೆ ತರುವುದು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಅಲ್ಲಿನ ಫಲಕ ನೋಡಿ ದೊಡ್ಡ ಹುಡುಗಿಯೊಬ್ಬಳು ಅವನಿಗೆ ಹೇಳಿದಳು. "ಕೋಟಿಗೆ ಎಷ್ಟು ಸೊನ್ನೆ?" ಅಂತ ಕೇಳಿ ಸುಣ್ಣದ ಕಡ್ಡಿಯಲ್ಲಿ ಬಂಡೆಯ ಮೇಲೆಯೇ ಬರೆದ. ಒಂದು ಸೊನ್ನೆ ಕಡಿಮೆ ಬಿತ್ತು. ಅವಳು ತಿದ್ದಲಿಲ್ಲ, ಜೊತೆಗೆ ಕೂತು ಹತ್ತು, ನೂರು, ಸಾವಿರ ಅಂತ ಎಣಿಸಿದಳು. ಅವನ ತಾಯಿ ಅದನ್ನು ನೋಡುತ್ತಿದ್ದರು, ಕೈಯಲ್ಲಿ ದುಪಟ್ಟಾದ ತುದಿ ಇನ್ನೂ ಸುತ್ತಿಯೇ ಇತ್ತು.

ಹೊರಡುವಾಗ ಪಶ್ಚಿಮದ ಗೇಟಿನ ಹತ್ತಿರ ಕಿತ್ತಳೆಯ ಅಕ್ಕ ಅವರನ್ನು ನಿಲ್ಲಿಸಿದರು.

"ಏನೂ ಮಾಡಲ್ಲ ಅಂದೆ ನೋಡಿ, ಮೊದಲ ವರ್ಷ ನಾನು ದಿನಾ ಅತ್ತಿದೀನಿ. ಅದನ್ನ ಹೇಳ್ಬೇಕಿತ್ತು."

ಹೊಸಬರು ಏನೂ ಅನ್ನಲಿಲ್ಲ.

"ನಾಳೆ ಒಂಬತ್ತಕ್ಕೆ ಮಗನ್ನ ನಮ್ಮನೆಗೆ ಬಿಡಿ. ಊಟ ಮಾಡಿಸಿ ಎರಡಕ್ಕೆ ಕಳಿಸ್ತೀನಿ. ನೀವು ಬರೋದು ಬೇಡ. ಕೆಲಸ ಮುಗಿಸಿ ಮಲ್ಕೊಳ್ಳಿ."

"ತಿಂಡಿ ಏನು ಕಟ್ಟಿ ಕಳಿಸ್ಲಿ ಅಕ್ಕಾ?"

"ಏನೂ ಬೇಡಮ್ಮ. ಅಕ್ಕಿ ನೆನೆಸೋ ದಿನ, ಕೈ ಒದ್ದೆ ಆಗುತ್ತೆ, ಹಳೇ ಅಂಗಿ ಹಾಕಿ ಕಳಿಸಿ."